ಕ್ರೂಸ್ ಹಡಗಿನ ಪ್ರಯಾಣ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕ್ರೂಸ್ ಮುಗಿಸಿ ಬಂದಾಗೆಲ್ಲ ಪರಿಚಯದವರು ಕೇಳುವ ಪ್ರಶ್ನೆಗಳು ಹೆಚ್ಚೂಕಮ್ಮಿ ಅವೇ. ಕೆಲವರು ಇನ್ನೂ ಟಿಕೆಟ್ ತೆಗೆದುಕೊಂಡಿರುವುದಿಲ್ಲ. ಕೆಲವರು ಎರಡು ಮೂರು ಸಲ ಹೋಗಿ ಬಂದು ಒಳಗಿನ ಸಂಗತಿ ಕೇಳುತ್ತಾರೆ. ಅವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಹಡಗು ಹತ್ತಿದ ಮೇಲೆ ತೀರ್ಮಾನ ಮಾಡಬೇಕಾದದ್ದು ಬಹಳ ಕಡಿಮೆ. ಪ್ರವಾಸ ಹೇಗಾಗುತ್ತದೆ ಅನ್ನುವುದು ಮುಕ್ಕಾಲು ಪಾಲು ಬುಕಿಂಗ್ ಹೊತ್ತಿಗೇ ಗೊತ್ತಾಗಿರುತ್ತದೆ. ಹಾಗಾಗಿ ಉತ್ತರಗಳೂ ಆ ಕಡೆಗೇ ಜಾಸ್ತಿ ವಾಲಿವೆ.

## ಟಿಕೆಟ್ ತೆಗೆದುಕೊಳ್ಳುವ ಮುಂಚೆ

ಅಷ್ಟು ದಿನ ಹಡಗಿನೊಳಗೇ ಇದ್ದರೆ ಬೇಜಾರಾಗುವುದಿಲ್ವಾ?

ಹಡಗಿನ ಗಾತ್ರ ಕಣ್ಣಾರೆ ನೋಡುವ ತನಕ ಈ ಅನುಮಾನ ಎಲ್ಲರಿಗೂ ಇರುತ್ತದೆ. 2024ರ ಜನವರಿಯಲ್ಲಿ ಓಡಾಟ ಶುರುಮಾಡಿದ ಐಕಾನ್ ಆಫ್ ದಿ ಸೀಸ್ ಸುಮಾರು 365 ಮೀಟರ್ ಉದ್ದ, 20 ಡೆಕ್, ಅಂದರೆ 20 ಅಂತಸ್ತು. ಕ್ಯಾಬಿನ್ನಿಗೆ ಇಬ್ಬರಂತೆ ಲೆಕ್ಕ ಹಾಕಿದರೂ 5,610 ಪ್ರಯಾಣಿಕರು. ಅಂಥದ್ದರಲ್ಲಿ ಬೇಜಾರಿಗಿಂತ ಮೊದಲು ಕಾಲುನೋವು ಬರುತ್ತದೆ.

ನಿಜವಾಗಿ ನೋಡಬೇಕಾದದ್ದು ನಿಮ್ಮ ದಾರಿಯಲ್ಲಿ ಎಷ್ಟು ದಿನ ಬಂದರು, ಎಷ್ಟು ದಿನ ಬರೀ ಸಮುದ್ರ ಅನ್ನುವುದನ್ನು. ಮೆಡಿಟರೇನಿಯನ್‌ನಲ್ಲಿ ಏಳು ರಾತ್ರಿಗೆ ಐದಾರು ಬಂದರು ಸಿಗುತ್ತವೆ, ಸಂಜೆ ವಾಪಸ್ ಬರುವಷ್ಟರಲ್ಲಿ ಸುಸ್ತೋ ಸುಸ್ತು. ಕೆರಿಬಿಯನ್‌ನಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು. ಅಟ್ಲಾಂಟಿಕ್ ದಾಟುವ ಹಡಗಾದರೆ ಐದಾರು ದಿನ ಒಂದೇ ಸಮನೆ ನೀರು. ಓದುವ, ಸುಮ್ನೆ ಕೂತು ಸಮುದ್ರ ನೋಡುವ ಅಭ್ಯಾಸ ಇದ್ದವರಿಗೆ ಅದೇ ಇಷ್ಟವಾಗುತ್ತದೆ. ಕೂತಲ್ಲಿ ಕೂರಲಾಗದವರು ಮೊದಲ ಸಲವೇ ಅದಕ್ಕೆ ಕೈಹಾಕಬೇಡಿ.

ಯಾವ ಹಡಗು ಒಳ್ಳೆಯದು? ಅದೊಂದು ಹೇಳಿಬಿಡಿ ಸಾಕು

ಯಾರ ಜೊತೆ ಹೋಗುತ್ತೀರಿ ಅಂತ ತಿಳಿಯದೆ ಇದಕ್ಕೆ ಉತ್ತರ ಹೇಳಲಾಗುವುದಿಲ್ಲ. ಮಕ್ಕಳಿದ್ದರೆ ಜಾರುಬಂಡಿ, ಈಜುಕೊಳ, ಮಕ್ಕಳ ಕ್ಲಬ್ ಇರುವ ದೊಡ್ಡ ಹಡಗು. ಮಕ್ಕಳ ಗದ್ದಲವೇ ಬೇಡ ಅನ್ನುವವರಿಗೆ ವೈಕಿಂಗ್ ಮತ್ತು ವರ್ಜಿನ್ ವಾಯೇಜಸ್ ಇವೆ, ಎರಡರಲ್ಲೂ 18 ತುಂಬದವರಿಗೆ ಪ್ರವೇಶ ಇಲ್ಲ. 2004ರಿಂದ ಓಡುತ್ತಿರುವ ಕ್ವೀನ್ ಮೇರಿ 2 ಬೇರೆಯದೇ ಜಾತಿ. ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಏಳು ರಾತ್ರಿ, ನಡುವೆ ಬಂದರೇ ಇಲ್ಲ, ನಾಯಿಯನ್ನೂ ಜೊತೆಗೆ ಕರೆದೊಯ್ಯಬಹುದು.

ನನ್ನ ಕ್ರಮ ಹೀಗೆ: ಮೊದಲು ದಾರಿ, ಆಮೇಲೆ ತಿಂಗಳು, ಕೊನೆಗೆ ಹಡಗು. ಜಾಹೀರಾತು ಹಡಗಿನಿಂದ ಶುರುವಾಗುತ್ತದೆ, ಅಲ್ವಾ? ಅದಕ್ಕೇ ಜನ ಹಡಗು ಆರಿಸಿಕೊಂಡು, ಅದು ಕರೆದುಕೊಂಡು ಹೋದಲ್ಲಿಗೆ ಹೋಗಿ ಬರುತ್ತಾರೆ.

ಟಿಕೆಟ್ ದುಡ್ಡಲ್ಲಿ ಏನೇನು ಬರುತ್ತೆ? ಆಮೇಲೆ ಬಿಲ್ ನೋಡಿ ಎದೆ ಒಡೆಯಬಾರದು

ಕ್ಯಾಬಿನ್, ಮುಖ್ಯ ಊಟದ ಹಾಲ್, ಬಫೆ, ನಾಟಕ-ಸಂಗೀತದ ಕಾರ್ಯಕ್ರಮ, ಈಜುಕೊಳ, ಜಿಮ್, ಮಕ್ಕಳ ಕ್ಲಬ್. ಇಷ್ಟು ಟಿಕೆಟ್ಟಿನಲ್ಲೇ ಬರುತ್ತವೆ. ಮದ್ಯ, ಬಾಟಲಿ ಪಾನೀಯ, ವಿಶೇಷ ರೆಸ್ಟೋರೆಂಟ್, ವೈಫೈ, ಬಂದರಿನ ಟೂರ್, ಸ್ಪಾ, ಫೋಟೋ, ಟಿಪ್ಸ್ ಇವೆಲ್ಲ ಬೇರೆ. ರೀಜೆಂಟ್, ಸಿಲ್ವರ್‌ಸೀ ಥರದ ದುಬಾರಿ ಕಂಪನಿಗಳು ಇದರಲ್ಲಿ ಬಹಳಷ್ಟನ್ನು ಟಿಕೆಟ್ಟಿಗೇ ಸೇರಿಸುತ್ತವೆ.

ಜಾಹೀರಾತಿನ ಬೆಲೆ ತಲೆಗೆ ಇಷ್ಟು ಅಂತ ಇರುತ್ತದೆ, ಅದೂ ಕ್ಯಾಬಿನ್ನಿನಲ್ಲಿ ಇಬ್ಬರಿದ್ದರೆ ಮಾತ್ರ. ಒಬ್ಬರೇ ಹೋದರೆ ಹೆಚ್ಚಿನ ಕಡೆ ಇಬ್ಬರ ದುಡ್ಡಿನ ಹತ್ತಿರ ಹತ್ತಿರ ಕೊಡಬೇಕು. ಒಂಟಿ ಪ್ರಯಾಣಿಕರಿಗೆಂದೇ ಪುಟ್ಟ ಸ್ಟುಡಿಯೊ ಕ್ಯಾಬಿನ್‌ಗಳು 2010ರ ನಾರ್ವೀಜಿಯನ್ ಎಪಿಕ್ ಹಡಗಿನಲ್ಲಿ ಬಂದವು. ಈಗ ಬೇರೆ ಕಂಪನಿಗಳೂ ಇಟ್ಟಿವೆ. ಆದರೆ ಇರುವುದು ಕೆಲವೇ, ಬೇಗ ಮುಗಿದುಹೋಗುತ್ತವೆ.

ಪಾನೀಯದ ಪ್ಯಾಕೇಜ್ ತೆಗೆದುಕೊಳ್ಳುವ ಮುಂಚೆ ಷರತ್ತು ಓದಿ. ಕ್ಯಾಬಿನ್ನಿನ ಒಬ್ಬರು ಮದ್ಯದ ಪ್ಯಾಕೇಜ್ ತೆಗೆದುಕೊಂಡರೆ ಉಳಿದ ದೊಡ್ಡವರೂ ತೆಗೆದುಕೊಳ್ಳಬೇಕು ಅನ್ನುವ ನಿಯಮ ಅನೇಕ ಕಂಪನಿಗಳಲ್ಲಿದೆ. ಬಂದರುಗಳು ಜಾಸ್ತಿ ಇರುವ ದಾರಿಯಲ್ಲಿ ಹಗಲೆಲ್ಲ ಹಡಗಿನಿಂದ ಹೊರಗೇ ಇರುತ್ತೀರಿ, ಆ ದುಡ್ಡು ಗಿಟ್ಟುವುದು ಕಷ್ಟ. ಲೆಕ್ಕವನ್ನು ಕೊನೆಯ ದಿನಕ್ಕೆ ಬಿಡದೆ ಎರಡು ದಿನಕ್ಕೊಮ್ಮೆ ಆ್ಯಪ್‌ನಲ್ಲೋ ಕ್ಯಾಬಿನ್ನಿನ ಟಿವಿಯಲ್ಲೋ ನೋಡಿಕೊಳ್ಳಿ. ನಾನು ಕುಡಿಯದ ಕಾಫಿ ಒಮ್ಮೆ ನನ್ನ ಲೆಕ್ಕಕ್ಕೆ ಬಿದ್ದಿತ್ತು. ಮರುದಿನವೇ ಹೇಳಿದ್ದಕ್ಕೆ ಒಂದು ನಿಮಿಷದಲ್ಲಿ ತೆಗೆದರು. ಇಳಿಯುವ ಬೆಳಿಗ್ಗೆ ಹೇಳುವವರಿಗೆ ಕೌಂಟರಿನ ಮುಂದೆ ಅರ್ಧ ಗಂಟೆಯ ಸಾಲು.

ಕಿಟಕಿ ಇಲ್ಲದ ಕ್ಯಾಬಿನ್ ಅಗ್ಗ ಇದೆ. ತೆಗೆದುಕೊಳ್ಳಬಹುದಾ?

ಧಾರಾಳವಾಗಿ. ಕತ್ತಲಲ್ಲಿ ಚೆನ್ನಾಗಿ ನಿದ್ದೆ ಬರುವವರಿಗೆ ಅದಕ್ಕಿಂತ ಒಳ್ಳೆಯ ಕೋಣೆ ಇಲ್ಲ. ಬೆಳಗಾಗಿದ್ದು ಗೊತ್ತಾಗುವುದಿಲ್ಲ ಅನ್ನುವುದೊಂದೇ ತೊಂದರೆ. ಅದಕ್ಕೆ ಟಿವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾ ತೋರಿಸುವ ಚಾನೆಲ್ ಹಾಕಿ, ಸದ್ದು ಕಡಿಮೆ ಮಾಡಿ ಮಲಗಿ. ಬೆಳಕು ಹರಿದಾಗ ಪರದೆಯೂ ಬೆಳಗಾಗುತ್ತದೆ.

ಬಾಲ್ಕನಿಗೆ ಎಲ್ಲಿ ದುಡ್ಡು ಕೊಡಬೇಕು ಅಂದರೆ ಅಲಾಸ್ಕಾ, ನಾರ್ವೆಯ ಫ್ಯೋರ್ಡ್‌ಗಳಂಥ (ಬೆಟ್ಟಗಳ ನಡುವಿನ ಕಿರಿದಾದ ಸಮುದ್ರದ ಚಾಚು) ಕಡೆ. ಅಲ್ಲಿ ನೋಡುವುದೆಲ್ಲ ಹಡಗಿನ ಪಕ್ಕದಲ್ಲೇ ಹಾದುಹೋಗುತ್ತದೆ. ದಿನಾ ಬೆಳಿಗ್ಗೆ ಇಳಿದು ಸಂಜೆ ಬರುವ ದಾರಿಗಳಲ್ಲಿ ಬಾಲ್ಕನಿಯ ಕುರ್ಚಿ ಖಾಲಿಯೇ ಇರುತ್ತದೆ.

ಕ್ಯಾಬಿನ್ನಿನ ದರ್ಜೆಗಿಂತ ಜಾಗ ಮುಖ್ಯ ಅಂತ ನನ್ನ ಅನುಭವ. ಡೆಕ್ಕಿನ ನಕ್ಷೆ ತೆಗೆದು ನಿಮ್ಮ ಕ್ಯಾಬಿನ್ನಿನ ಮೇಲಿನ ಡೆಕ್ಕಿನಲ್ಲಿ ಏನಿದೆ, ಕೆಳಗಿನದರಲ್ಲಿ ಏನಿದೆ ನೋಡಿ. ಎರಡೂ ಕಡೆ ಬರೀ ಕ್ಯಾಬಿನ್‌ಗಳಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವ ಐದಕ್ಕೆ ಕುರ್ಚಿಗಳನ್ನು ಕರಕರ ಎಳೆಯುವ ಸದ್ದು. ಕೆಳಗೆ ಥಿಯೇಟರ್ ಇದ್ದರೆ ಮಧ್ಯರಾತ್ರಿವರೆಗೆ ಡ್ರಮ್. ಹಡಗಿನ ಮೂತಿಯ ಕಡೆ ಕೆಳಗಿನ ಡೆಕ್ಕಿನಲ್ಲಿದ್ದರೆ ಲಂಗರು ಬಿಡುವಾಗ ಸರಪಳಿಯ ಗಡಗಡ. ಪಕ್ಕದ ಕ್ಯಾಬಿನ್ನಿಗೆ ಒಳಬಾಗಿಲು ಇರುವ ಕೋಣೆಯಲ್ಲಿ ಅವರ ಮಾತೆಲ್ಲ ಕೇಳುತ್ತದೆ. 'ಭಾಗಶಃ ಮರೆಯಾದ ನೋಟ' ಅಂತ ಇದ್ದರೆ ಕಿಟಕಿಯ ಮುಂದೆ ಜೀವರಕ್ಷಕ ದೋಣಿ ನೇತಾಡುತ್ತಿರುತ್ತದೆ.

'ಗ್ಯಾರಂಟಿ' ಕ್ಯಾಬಿನ್ ಅಂದರೆ ದರ್ಜೆ ನಿಮ್ಮದು, ಜಾಗ ಕಂಪನಿಯ ಇಷ್ಟ. ಅಗ್ಗ ಹೌದು. ನಿದ್ದೆ ಸೂಕ್ಷ್ಮ ಇರುವವರು ಅದರ ತಂಟೆಗೆ ಹೋಗಬೇಡಿ.

ನನಗೆ ಬಸ್ಸಿನಲ್ಲೇ ವಾಂತಿ ಬರುತ್ತೆ. ಹಡಗಿನಲ್ಲಿ ನನ್ನ ಗತಿ?

ಬಸ್ಸಿಗೂ ದೊಡ್ಡ ಹಡಗಿಗೂ ಹೋಲಿಕೆಯೇ ಇಲ್ಲ. ಹಡಗಿನ ಹೊಟ್ಟೆಯ ಎರಡೂ ಪಕ್ಕದಿಂದ ರೆಕ್ಕೆಯಂಥ ಸ್ಟೆಬಿಲೈಸರ್‌ಗಳು ನೀರಿನೊಳಗೆ ಚಾಚಿಕೊಂಡು ಅಡ್ಡ ಓಲಾಟವನ್ನು ಬಹಳ ತಗ್ಗಿಸುತ್ತವೆ. ಮುಂದೆ ಹಿಂದೆ ಏಳುಬೀಳುವುದನ್ನು ಅವು ಅಷ್ಟಾಗಿ ತಡೆಯಲಾರವು. ಹಾಗಾಗಿ ಹೆದರುವವರು ಹಡಗಿನ ನಟ್ಟನಡುವೆ, ಕೆಳಗಿನ ಡೆಕ್ಕಿನಲ್ಲಿ ಕ್ಯಾಬಿನ್ ಹಿಡಿಯಬೇಕು. ಅಲ್ಲಿ ಅಲುಗಾಟ ಎಲ್ಲಕ್ಕಿಂತ ಕಡಿಮೆ. ಬಹಳ ಜನ ಚೆನ್ನಾಗಿರುತ್ತದೆ ಅಂತ ತುದಿಯ ಮೇಲಿನ ಡೆಕ್ ಆರಿಸುತ್ತಾರೆ, ಜಾಸ್ತಿ ತೂಗುವುದೇ ಅದು.

ಮಾತ್ರೆ ಯಾವುದು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಮೆಕ್ಲಿಝೀನ್ ಮಾತ್ರೆ, ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮಿನ್ ಪ್ಯಾಚ್ ಎರಡೂ ಬಳಕೆಯಲ್ಲಿವೆ. ಪ್ಯಾಚ್ ಎಲ್ಲರಿಗೂ ಆಗಿಬರುವುದಿಲ್ಲ, ಗ್ಲಾಕೋಮಾ ಇದ್ದವರಿಗಂತೂ ಬೇಡ. ಯಾವುದೇ ಆಗಲಿ, ಹೊಟ್ಟೆ ತೊಳಸುವ ಮುಂಚೆಯೇ ಶುರುಮಾಡಬೇಕು. ಅದಲ್ಲದೆ ಖಾಲಿ ಹೊಟ್ಟೆಯಲ್ಲಿ ಇರಬೇಡಿ, ಶುಂಠಿ ಜಗಿಯಿರಿ, ಪುಸ್ತಕ ಮುಚ್ಚಿಟ್ಟು ಹೊರಗೆ ಬಂದು ದಿಗಂತ ನೋಡಿ.

ಹವಾಮಾನ ಕೆಡಲಿದೆ ಅಂತ ತಿಳಿಯಲು ಘೋಷಣೆಗೆ ಕಾಯಬೇಕಿಲ್ಲ. ಲಿಫ್ಟ್ ಪಕ್ಕದ ಕೈಹಿಡಿಕೆಗಳಲ್ಲಿ ಸಿಬ್ಬಂದಿ ಬಿಳಿ ಕಾಗದದ ಚೀಲಗಳನ್ನು ಸಿಕ್ಕಿಸಲು ಶುರುಮಾಡಿದರೆ, ಈಜುಕೊಳದ ನೀರು ಖಾಲಿ ಮಾಡಿ ಬಲೆ ಕಟ್ಟಿದರೆ, ಮಾತ್ರೆ ನುಂಗುವ ಹೊತ್ತು ಬಂತು. ಬಿಸ್ಕೆ ಕೊಲ್ಲಿಯಲ್ಲಿ ಒಂದು ರಾತ್ರಿ ಹೀಗೇ ಆಗಿ, ಬೀರುವಿನ ಹ್ಯಾಂಗರ್‌ಗಳು ಬೆಳಗಿನವರೆಗೆ ಟಕಟಕ ಬಡಿದುಕೊಂಡವು. ಎದ್ದು ಅವನ್ನೆಲ್ಲ ಟವೆಲ್ಲಿನಲ್ಲಿ ಸುತ್ತಿಟ್ಟ ಮೇಲೆ ನಿದ್ದೆ ಬಂತು.

ಇಳಿಯದೆ ಹಡಗಿನಲ್ಲೇ ಕೂತಿರುತ್ತೇನೆ, ಆಗಲೂ ವೀಸಾ ಬೇಕಾ?

ಬಹಳ ಕಡೆ ಬೇಕು. ದಾರಿಯಲ್ಲಿರುವ ಯಾವುದೇ ದೇಶಕ್ಕೆ ಬೇಕಾದ ವೀಸಾ ಇಲ್ಲದಿದ್ದರೆ ಹತ್ತುವಾಗಲೇ ತಡೆಯುತ್ತಾರೆ, ಟಿಕೆಟ್ ದುಡ್ಡೂ ವಾಪಸ್ ಬರುವುದಿಲ್ಲ. ಒಂದೇ ವೀಸಾ ನಡೆಯುವ ಯುರೋಪಿನ ಷೆಂಗೆನ್ ದೇಶಗಳಿಂದ ಹೊರಟು ನಡುವೆ ಟರ್ಕಿಗೋ ಬ್ರಿಟನ್ನಿಗೋ ಹೋಗಿ ಮತ್ತೆ ಷೆಂಗೆನ್‌ಗೆ ಬರುವ ದಾರಿಯಾದರೆ ಒಂದೇ ಪ್ರವೇಶದ ವೀಸಾ ಸಾಲದು, ಹಲವು ಪ್ರವೇಶದ್ದು ಬೇಕು. ಪ್ರವಾಸ ಮುಗಿದ ಮೇಲೂ ಆರು ತಿಂಗಳು ನಡೆಯುವ ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ಈ ವಿಷಯದಲ್ಲಿ ಏಜೆಂಟ್ ಬಾಯಿಮಾತು ನಂಬದೆ ಆಯಾ ದೇಶದ ರಾಯಭಾರ ಕಚೇರಿಯ ಮಾಹಿತಿ ಓದಿ.

ಲಗೇಜಿನಲ್ಲಿ ಏನಿರಬೇಕು, ಏನಿರಬಾರದು?

ಬಟ್ಟೆ ನೀವು ಅಂದುಕೊಂಡದ್ದರ ಅರ್ಧ ಸಾಕು. ಒಂದೆರಡು ಸಂಜೆಗೆ ಚೆನ್ನಾಗಿರುವ ಉಡುಪು, ತೆಳ್ಳನೆಯ ಸ್ವೆಟರ್ ಇರಲಿ, ಹಡಗಿನೊಳಗೆ ಏಸಿ ಜೋರು. ಇಸ್ತ್ರಿಪೆಟ್ಟಿಗೆ, ಮೇಣದಬತ್ತಿ, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಇವನ್ನು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಹಡಗಿನಲ್ಲಿ ಬೆಂಕಿಗೆ ಹೆದರಿದಷ್ಟು ಬೇರೆ ಯಾವುದಕ್ಕೂ ಹೆದರುವುದಿಲ್ಲ. ಅಯಸ್ಕಾಂತದ ಕೊಕ್ಕೆ ನಾಲ್ಕು ಇಟ್ಟುಕೊಳ್ಳಿ. ಹೆಚ್ಚಿನ ಕ್ಯಾಬಿನ್ ಗೋಡೆಗಳು ಉಕ್ಕಿನವು, ಟೋಪಿ, ಚೀಲ, ಒದ್ದೆ ಬಟ್ಟೆ ಎಲ್ಲ ನೇತುಹಾಕಬಹುದು.

## ಹಡಗಿನ ಮೇಲೆ

ಹೊರಡುವ ದಿನ ಬೆಳಿಗ್ಗೆ ವಿಮಾನದಲ್ಲಿ ಬಂದಿಳಿದರೆ ಸಾಕಲ್ವಾ?

ಸಾಲದು. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಹೊರಡುವುದಕ್ಕೆ ಒಂದೆರಡು ಗಂಟೆ ಮುಂಚೆಯೇ ಚೆಕ್-ಇನ್ ಮುಚ್ಚುತ್ತಾರೆ. ಹಿಂದಿನ ದಿನವೇ ಆ ಊರು ತಲುಪಿ. ಹೋಟೆಲಿನ ಒಂದು ರಾತ್ರಿಯ ಖರ್ಚು ಉಳಿಸಲು ಇಡೀ ಪ್ರವಾಸವನ್ನೇ ಪಣಕ್ಕಿಡುವುದು ಬೇಡ.

ಮೊದಲ ದಿನದ ಸುರಕ್ಷತಾ ಡ್ರಿಲ್ ತಪ್ಪಿಸಿಕೊಳ್ಳಬಹುದಾ?

ಇಲ್ಲ, ತಪ್ಪಿಸಲೂಬಾರದು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ವಾಲಿತು, 32 ಜನ ಸತ್ತರು. ಅಂದೇ ಸಂಜೆ ಹತ್ತಿದ್ದವರಿಗೆ ಡ್ರಿಲ್ ಆಗಿರಲಿಲ್ಲ. ಆಗ ಹೊರಟ 24 ಗಂಟೆಯೊಳಗೆ ಮಾಡಿದರೆ ಸಾಕು ಅಂತ ಅಂತಾರಾಷ್ಟ್ರೀಯ ನಿಯಮವಿತ್ತು. 2015ರಿಂದ ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಆಗಬೇಕು.

ಈಗ ಅನೇಕ ಹಡಗುಗಳಲ್ಲಿ ಫೋನಿನಲ್ಲೋ ಟಿವಿಯಲ್ಲೋ ವಿಡಿಯೊ ನೋಡಿ, ಸೇರಬೇಕಾದ ಜಾಗಕ್ಕೆ ಹೋಗಿ ಕ್ಯಾಬಿನ್ ಕಾರ್ಡ್ ತೋರಿಸಿದರೆ ಮುಗಿಯಿತು. ಆ ಜಾಗದ ಗುರುತು ನಿಮ್ಮ ಕಾರ್ಡಿನ ಮೇಲೇ ಅಚ್ಚಾಗಿರುತ್ತದೆ. ಏಳು ಚಿಕ್ಕ ಸೀಟಿ, ಒಂದು ಉದ್ದ ಸೀಟಿ: ಈ ಸಂಜ್ಞೆ ಎಲ್ಲ ಹಡಗಿಗೂ ಒಂದೇ. ನಾನು ಇನ್ನೊಂದು ಮಾಡುತ್ತೇನೆ. ಕ್ಯಾಬಿನ್ನಿನಿಂದ ಮೆಟ್ಟಿಲಿನವರೆಗೆ ಎಷ್ಟು ಬಾಗಿಲು ಅಂತ ಎಣಿಸಿಟ್ಟುಕೊಳ್ಳುತ್ತೇನೆ. ಹೊಗೆ ತುಂಬಿದರೆ ಕಣ್ಣು ಕಾಣುವುದಿಲ್ಲ, ಕೈ ಎಣಿಸುತ್ತದೆ.

ಹತ್ತಿದ ಕೂಡಲೇ ಏನು ಮಾಡಬೇಕು? ಎಲ್ಲರೂ ಬಫೆಗೆ ಓಡುತ್ತಾರೆ

ಅದಕ್ಕೇ ನೀವು ಓಡಬೇಡಿ. ಎಷ್ಟೋ ಹಡಗುಗಳಲ್ಲಿ ಮೊದಲ ದಿನ ಮಧ್ಯಾಹ್ನ ಮುಖ್ಯ ಊಟದ ಹಾಲ್ ಕೂಡ ತೆರೆದಿರುತ್ತದೆ, ಅಲ್ಲಿ ಕೂತು ಬಡಿಸಿಕೊಂಡು ಉಣ್ಣಬಹುದು. ಆಹಾರದಲ್ಲಿ ಅಲರ್ಜಿ, ಪಥ್ಯ ಇದ್ದರೆ ಬುಕಿಂಗ್‌ನಲ್ಲೇ ತಿಳಿಸಿ, ಆ ಮೇಲೂ ಮೊದಲ ದಿನವೇ ಮೇಲ್ವಿಚಾರಕರಿಗೆ ಹೇಳಿ. ನಾಳಿನ ಮೆನು ಇವತ್ತು ರಾತ್ರಿಯೇ ತೋರಿಸಿ ಬೇಕಾದ ಹಾಗೆ ಮಾಡಿಕೊಡುತ್ತಾರೆ. ದೊಡ್ಡ ಲಗೇಜ್ ಕ್ಯಾಬಿನ್ನಿಗೆ ಬರುವುದು ಸಂಜೆಗೆ. ಔಷಧಿ, ಪಾಸ್‌ಪೋರ್ಟ್, ಈಜುಡುಗೆ, ಚಾರ್ಜರ್ ಕೈಚೀಲದಲ್ಲೇ ಇರಲಿ.

ಹಡಗಿನಲ್ಲಿ ಕಾಯಿಲೆ ಬಿದ್ದರೆ?

ದೊಡ್ಡ ಹಡಗಿನಲ್ಲಿ ಡಾಕ್ಟರ್, ನರ್ಸ್, ಸಣ್ಣ ಆಸ್ಪತ್ರೆ ಇರುತ್ತದೆ. ಫೀಸು ದುಬಾರಿ, ನಿಮ್ಮ ಲೆಕ್ಕಕ್ಕೇ ಬೀಳುತ್ತದೆ. ಗಂಭೀರವಾದರೆ ಮುಂದಿನ ಬಂದರಿನಲ್ಲಿ ಇಳಿಸುತ್ತಾರೆ, ಇಲ್ಲವೇ ಹೆಲಿಕಾಪ್ಟರ್ ಬರುತ್ತದೆ. ಹಾಗಾಗಿ ವೈದ್ಯಕೀಯ ಸ್ಥಳಾಂತರದ ಖರ್ಚು ಕೊಡುವ ಪ್ರಯಾಣ ವಿಮೆ ಇಲ್ಲದೆ ನಾನು ಹತ್ತುವುದಿಲ್ಲ. ಗರ್ಭಿಣಿಯರನ್ನು ಪ್ರವಾಸದ ನಡುವೆ 24ನೇ ವಾರಕ್ಕೆ ಕಾಲಿಡುವಂತಿದ್ದರೆ ಬಹುತೇಕ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ಕೂಸಿಗೆ ಸಾಮಾನ್ಯವಾಗಿ ಆರು ತಿಂಗಳು ತುಂಬಿರಬೇಕು, ಸಾಗರ ದಾಟುವ ಪ್ರವಾಸಕ್ಕೆ ಒಂದು ವರ್ಷ.

ಸುದ್ದಿಯಾಗುವ ವಾಂತಿಭೇದಿ ಹೆಚ್ಚಾಗಿ ನೊರೊವೈರಸ್‌ನದು. ಬಾಗಿಲಲ್ಲಿ ಕೊಡುವ ಆಲ್ಕೊಹಾಲ್ ಸ್ಯಾನಿಟೈಸರ್‌ಗೆ ಅದು ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಬೇಕು. ಬಫೆಯಲ್ಲಿ ಬಡಿಸಿಕೊಳ್ಳುವ ಸೌಟನ್ನು ಎಲ್ಲರೂ ಮುಟ್ಟಿರುತ್ತಾರೆ. ಬಡಿಸಿಕೊಂಡ ಮೇಲೆ, ತಿನ್ನುವ ಮುಂಚೆ ಕೈ ತೊಳೆಯಿರಿ. ಅಮೆರಿಕದ ಬಂದರಿಗೆ ಹೋಗುವ ಹಡಗುಗಳನ್ನು ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಮುನ್ಸೂಚನೆ ಇಲ್ಲದೆ ತಪಾಸಣೆ ಮಾಡಿ 100ಕ್ಕೆ ಅಂಕ ಕೊಡುತ್ತದೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲು. ಫಲಿತಾಂಶ ಯಾರು ಬೇಕಾದರೂ ನೋಡಬಹುದು. ಬುಕ್ ಮಾಡುವ ಮುಂಚೆ ಒಂದು ಸಲ ಕಣ್ಣುಹಾಯಿಸಿ.

ಫೋನ್ ನಡೆಯುತ್ತಾ?

ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಮಾತ್ರ ಆನ್ ಮಾಡಿ. ಸಮುದ್ರದ ನಡುವೆ ಹಡಗಿನದೇ ಮೊಬೈಲ್ ನೆಟ್‌ವರ್ಕ್ ಇರುತ್ತದೆ. ಫೋನ್ ತಾನಾಗೇ ಅದಕ್ಕೆ ಅಂಟಿಕೊಂಡರೆ ರೋಮಿಂಗ್ ಬಿಲ್ ಕ್ಯಾಬಿನ್ನಿನ ಬಾಡಿಗೆಗೆ ಪೈಪೋಟಿ ಕೊಡುತ್ತದೆ. ಉಪಗ್ರಹದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಬಂದ ಮೇಲೆ ವೈಫೈ ಎಷ್ಟೋ ಸುಧಾರಿಸಿದೆ, ವಿಡಿಯೊ ಕರೆಯೂ ಆಗುತ್ತದೆ.

ಟಿಪ್ಸ್ ತಾನಾಗೇ ಕಟ್ ಆಗುತ್ತಂತೆ. ತೆಗೆಸಬಹುದಾ?

ಕೆಲವು ಕಂಪನಿಗಳಲ್ಲಿ ಕೌಂಟರಿಗೆ ಹೋಗಿ ಕೇಳಿದರೆ ತೆಗೆಯುತ್ತಾರೆ. ತೆಗೆಸಬೇಡಿ ಅಂತ ನನ್ನ ಮಾತು. ಅದು ನಿಮ್ಮ ಕಣ್ಣಿಗೆ ಕಾಣುವ ಕ್ಯಾಬಿನ್ ಸಹಾಯಕನಿಗಲ್ಲದೆ ಲಾಂಡ್ರಿ, ಪಾತ್ರೆ ತೊಳೆಯುವವರಿಗೂ ಹಂಚಿಹೋಗುತ್ತದೆ. ಅವರ ಕರಾರು ಆರರಿಂದ ಒಂಬತ್ತು ತಿಂಗಳು, ವಾರಕ್ಕೆ ಏಳು ದಿನ ಕೆಲಸ. ನಾವಿಕರ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ವಾರಕ್ಕೆ 72 ಗಂಟೆಯವರೆಗೆ ದುಡಿಸಬಹುದು. ಈ ದುಡ್ಡನ್ನು ಟಿಕೆಟ್ ಖರ್ಚಿಗೇ ಸೇರಿಸಿ ಲೆಕ್ಕ ಹಾಕಿಬಿಡಿ.

## ಬಂದರುಗಳಲ್ಲಿ

ಹಡಗಿನವರ ಟೂರ್ ತೆಗೆದುಕೊಳ್ಳಬೇಕಾ, ನಾವೇ ಸುತ್ತಿಕೊಂಡು ಬರಬಹುದಾ?

ಬಂದರಿನಿಂದ ಊರು ಎಷ್ಟು ದೂರ ಅನ್ನುವುದರ ಮೇಲಿದೆ. ಪಟ್ಟಿಯಲ್ಲಿ 'ರೋಮ್' ಅಂತ ಇರುತ್ತದೆ, ಹಡಗು ನಿಲ್ಲುವುದು ಚಿವಿಟವೆಕ್ಯಾದಲ್ಲಿ, ರೋಮಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. 'ಪ್ಯಾರಿಸ್' ಅಂದರೆ ಲ ಹಾವ್ರ್, ಹೋಗಲಿಕ್ಕೇ ಎರಡು ಗಂಟೆ ಬೇಕು. 'ಬರ್ಲಿನ್' ಅಂದರೆ ವಾರ್ನೆಮುಂಡೆ, ಸುಮಾರು ಮೂರು ಗಂಟೆ. ದೊಡ್ಡ ಹಡಗುಗಳು ವೆನಿಸ್ಸಿನ ಜುಡೆಕ್ಕಾ ಕಾಲುವೆಗೆ ಬರುವುದನ್ನು 2021ರ ಆಗಸ್ಟ್ 1ರಿಂದ ನಿಲ್ಲಿಸಿದ್ದಾರೆ. ಈಗ 'ವೆನಿಸ್' ಅಂತ ಬರೆದ ಎಷ್ಟೋ ಪ್ರವಾಸಗಳು ರವೆನ್ನಾದಿಂದಲೋ ಟ್ರಿಯೆಸ್ಟೆಯಿಂದಲೋ ಹೊರಡುತ್ತವೆ. ಆವರಣದೊಳಗಿನ ಹೆಸರನ್ನೇ ಮೊದಲು ಓದಿ.

ದೂರದ ಊರಿಗೆ ಹಡಗಿನವರ ಟೂರ್ ಒಳ್ಳೆಯದು. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಡುಬ್ರೊವ್ನಿಕ್, ಬಾರ್ಸಿಲೋನಾ ಥರ ಊರು ಹತ್ತಿರವೇ ಇದ್ದರೆ ಸ್ವಂತ ಓಡಾಟವೇ ಚೆಂದ. ನಲವತ್ತು ಜನರ ಹಿಂದೆ ಬಾವುಟ ನೋಡಿಕೊಂಡು ನಡೆಯುವ ಕಷ್ಟ ಯಾಕೆ?

ತಡವಾಗಿ ಬಂದರೆ ನಿಜಕ್ಕೂ ಬಿಟ್ಟು ಹೋಗುತ್ತಾರಾ?

ಹೋಗುತ್ತಾರೆ. ಬಂದರಿನಲ್ಲಿ ನಿಂತಷ್ಟು ಹೊತ್ತಿಗೆ ದುಡ್ಡು ಕಟ್ಟಬೇಕು, ಮುಂದಿನ ಬಂದರು ಮುಟ್ಟಲು ಇಂಧನ ಜಾಸ್ತಿ ಸುಡಬೇಕು. ಮೆಕ್ಸಿಕೊದ ಕೊಜುಮೆಲ್‌ನಲ್ಲಿ ಒಮ್ಮೆ ಮೇಲಿನ ಡೆಕ್ಕಿನಿಂದ ನೋಡುತ್ತಿದ್ದೆ. ಧ್ವನಿವರ್ಧಕದಲ್ಲಿ ಎರಡು ಹೆಸರು ಮೂರು ಸಲ ಕೂಗಿದರು. ಉದ್ದ ಕಟ್ಟೆಯ ತುದಿಯಲ್ಲಿ ಇಬ್ಬರು ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದರು. ಡೆಕ್ ತುಂಬಾ ಜನ ಚಪ್ಪಾಳೆ ತಟ್ಟಿ ಹುರಿದುಂಬಿಸುತ್ತಿದ್ದರು. ಅವರು ಹಾಯುವ ಹಲಗೆಯ ಹತ್ತಿರ ಬರುವ ಹೊತ್ತಿಗೆ ಅದನ್ನು ಎಳೆದಾಗಿತ್ತು. ಕಟ್ಟೆಯ ಮೇಲೆ ಹಡಗಿನ ಸ್ಥಳೀಯ ಏಜೆಂಟ್ ಒಂದು ಲಕೋಟೆ ಹಿಡಿದು ನಿಂತಿದ್ದ. ಬಾರದವರ ಕ್ಯಾಬಿನ್ ಸೇಫ್ ತೆರೆದು ಪಾಸ್‌ಪೋರ್ಟ್ ಸಿಕ್ಕರೆ ಹೀಗೆ ಏಜೆಂಟನಿಗೆ ಕೊಟ್ಟು ಹೋಗುವುದು ವಾಡಿಕೆ. ಮುಂದಿನ ಬಂದರಿಗೆ ಹೋಗುವ ಖರ್ಚು ಅವರವರದ್ದೇ.

ಇಂಥದ್ದಕ್ಕೆ ಗಡಿಯಾರವೂ ಕಾರಣವಾಗುತ್ತದೆ. ಹಡಗಿನ ಸಮಯ ಬೇರೆ, ಊರಿನ ಸಮಯ ಬೇರೆ ಇರಬಹುದು. ದಡಕ್ಕೆ ಬಂದ ಕೂಡಲೇ ಫೋನ್ ಊರಿನ ಸಮಯಕ್ಕೆ ಹೊರಳಿಕೊಳ್ಳುತ್ತದೆ. ಕೈಗೊಂದು ಸಾದಾ ಗಡಿಯಾರ ಕಟ್ಟಿ, ಹಡಗಿನ ಸಮಯದಲ್ಲಿಡಿ. 'ಎಲ್ಲರೂ ಹಡಗಿನಲ್ಲಿರಬೇಕು' ಅಂತ ಕೊಟ್ಟ ಹೊತ್ತು ಸಾಮಾನ್ಯವಾಗಿ ಹೊರಡುವುದಕ್ಕೆ ಅರ್ಧ ಗಂಟೆ ಮುಂಚಿನದು. ನಾನು ಅದಕ್ಕೂ ಒಂದು ಗಂಟೆ ಮುಂಚೆ ಬಂದುಬಿಡುತ್ತೇನೆ.

ಟೆಂಡರ್ ಬಂದರು ಅಂದರೇನು?

ಹಡಗು ಕಟ್ಟೆಗೆ ತಾಗದೆ ದೂರದಲ್ಲೇ ನಿಂತು, ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುವ ಜಾಗ. ಕೆರಿಬಿಯನ್‌ನ ಗ್ರ್ಯಾಂಡ್ ಕೇಮನ್, ಗ್ರೀಸಿನ ಸ್ಯಾಂಟೊರಿನಿ ಹೀಗೇ. ದೋಣಿಗೆ ಟೋಕನ್ ಪಡೆದು ಸರದಿಗೆ ಕಾಯಬೇಕು, ಅಲೆ ಜೋರಿದ್ದರೆ ಬಂದರೇ ರದ್ದು. ಸ್ಯಾಂಟೊರಿನಿಯ ಹಳೇ ಬಂದರಿನಲ್ಲಿ ಇಳಿದರೆ ಮೇಲೆ ಊರಿಗೆ ಹೋಗಲು ಕೇಬಲ್ ಕಾರ್ ಅಥವಾ 588 ಮೆಟ್ಟಿಲು. ಸಂಜೆ ವಾಪಸ್ಸಾಗುವಾಗ ಕೇಬಲ್ ಕಾರಿನ ಸಾಲು ಒಂದು ಗಂಟೆ ಮೀರಿದ್ದೂ ಇದೆ. ಮಂಡಿ ಗಟ್ಟಿ ಇದ್ದವರು ಇಳಿಯುವಾಗ ಮೆಟ್ಟಿಲೇ ಹಿಡಿಯಬಹುದು, ಕತ್ತೆ ಲದ್ದಿಯ ಮೇಲೆ ಕಾಲು ಜಾರದ ಹಾಗೆ ನೋಡಿಕೊಂಡು.

ಬಂದರು ರದ್ದಾದರೆ ದುಡ್ಡು ವಾಪಸ್ ಕೊಡುತ್ತಾರಾ?

ಹೆಚ್ಚೆಂದರೆ ಆ ಬಂದರಿನ ತೆರಿಗೆ ಮತ್ತು ಶುಲ್ಕ, ಜೊತೆಗೆ ಹಡಗಿನಿಂದಲೇ ಕೊಂಡ ಟೂರಿನ ದುಡ್ಡು. ದಾರಿ ಬದಲಿಸುವ ಹಕ್ಕು ಕ್ಯಾಪ್ಟನ್‌ಗಿದೆ ಅಂತ ಟಿಕೆಟ್ ಕರಾರಿನಲ್ಲೇ ಬರೆದಿರುತ್ತದೆ. ಒಂದೇ ಒಂದು ಊರಿಗಾಗಿ ಕ್ರೂಸ್ ಹತ್ತುವುದಾದರೆ ಆ ಊರಿಗೆ ವಿಮಾನದಲ್ಲಿ ಹೋಗುವುದೇ ಮೇಲು.

## ಎರಡು ಮೂರು ಸಲ ಹೋಗಿ ಬಂದವರು ಕೇಳುವುದು

ಕಡಿಮೆ ದುಡ್ಡಿಗೆ ಯಾವಾಗ ಸಿಗುತ್ತೆ?

ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಹಡಗುಗಳು ಕೆರಿಬಿಯನ್‌ನಿಂದ ಯುರೋಪಿಗೆ, ಅಲ್ಲಿಂದ ಮತ್ತೆ ಕೆರಿಬಿಯನ್‌ಗೆ ಜಾಗ ಬದಲಿಸುತ್ತವೆ. ಖಾಲಿ ಓಡಿಸುವ ಬದಲು ಅಗ್ಗಕ್ಕೆ ಮಾರುತ್ತಾರೆ. ದಿನದ ಲೆಕ್ಕದಲ್ಲಿ ಇದಕ್ಕಿಂತ ಸೋವಿ ಸಿಗುವುದು ಅಪರೂಪ. ಪಶ್ಚಿಮಕ್ಕೆ ಹೋಗುವುದನ್ನೇ ಆರಿಸಿ. ದಾರಿಯಲ್ಲಿ ಹಲವು ರಾತ್ರಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿ ದಿನಕ್ಕೆ 25 ಗಂಟೆ ಆಗುತ್ತದೆ. ಪೂರ್ವಕ್ಕೆ ಹೋಗುವವರು ಅಷ್ಟೇ ನಿದ್ದೆ ಕಳೆದುಕೊಳ್ಳುತ್ತಾರೆ.

ಜನವರಿಯಿಂದ ಮಾರ್ಚ್‌ವರೆಗೆ ಕಂಪನಿಗಳು ರಿಯಾಯಿತಿ ಜಾಸ್ತಿ ಕೊಡುತ್ತವೆ. ಅಟ್ಲಾಂಟಿಕ್ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆಗ ಕೆರಿಬಿಯನ್ ಅಗ್ಗ, ಆದರೆ ದಾರಿ ಬದಲಾದರೆ ಗೊಣಗಬಾರದು. ಬುಕ್ ಮಾಡಿದ ಮೇಲೂ ಬೆಲೆ ನೋಡುತ್ತಿರಿ. ಪೂರ್ತಿ ಹಣ ಕಟ್ಟುವ ಗಡುವು ಸಾಮಾನ್ಯವಾಗಿ ಹೊರಡುವುದಕ್ಕೆ 75ರಿಂದ 120 ದಿನ ಮುಂಚೆ. ಅದಕ್ಕೆ ಮೊದಲು ಬೆಲೆ ಇಳಿದರೆ ಹೊಸ ಬೆಲೆಗೆ ಬದಲಿಸಿಕೊಡಿ ಅಂತ ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗುವ ಹಡಗು ರಾತ್ರಿ ಹೊತ್ತು ಕೆನಡಾದಲ್ಲಿ ಯಾಕೆ ನಿಲ್ಲುತ್ತೆ?

1886ರ ಒಂದು ಕಾನೂನಿನಿಂದ. ವಿದೇಶಿ ಧ್ವಜದ ಹಡಗು ಬರೀ ಅಮೆರಿಕದ ಬಂದರುಗಳ ನಡುವೆ ಪ್ರಯಾಣಿಕರನ್ನು ಒಯ್ಯುವಂತಿಲ್ಲ, ನಡುವೆ ವಿದೇಶಿ ಬಂದರು ಮುಟ್ಟಲೇಬೇಕು. ಕ್ರೂಸ್ ಹಡಗುಗಳು ಹೆಚ್ಚಾಗಿ ಬಹಾಮಾಸ್, ಪನಾಮಾ, ಮಾಲ್ಟಾ ದೇಶಗಳಲ್ಲಿ ನೋಂದಣಿಯಾದವು. ಅದಕ್ಕೇ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವೇ ಗಂಟೆ ನಿಂತು ಹೊರಡುತ್ತವೆ. 2021ರಲ್ಲಿ ಕೆನಡಾ ಬಂದರು ಮುಚ್ಚಿದಾಗ ಅಲಾಸ್ಕಾ ಹಂಗಾಮು ಉಳಿಸಲು ಅಮೆರಿಕದ ಸಂಸತ್ತು ತಾತ್ಕಾಲಿಕ ವಿನಾಯಿತಿಯನ್ನೇ ಕೊಡಬೇಕಾಯಿತು. ನಡುವೆ ಎಲ್ಲೋ ಇಳಿದು ಮನೆಗೆ ಹೋಗಿಬಿಡುತ್ತೇನೆ ಅನ್ನುವವರು ಮೊದಲು ಕಂಪನಿಯನ್ನು ಕೇಳಿ. ಈ ಕಾನೂನು ಮುರಿದ ದಂಡ ನಿಮ್ಮ ಲೆಕ್ಕಕ್ಕೆ ಬೀಳಬಹುದು.

ಹಡಗಿನಿಂದ ಇಳಿಯದೆಯೇ ನೋಡಬೇಕಾದ ಜಾಗ ಯಾವುದು?

ನನ್ನ ಮಟ್ಟಿಗೆ ಎರಡು. ಒಂದು ಅಲಾಸ್ಕಾದ ಗ್ಲೇಸಿಯರ್ ಬೇ. ದಿನಕ್ಕೆ ಎರಡೇ ಕ್ರೂಸ್ ಹಡಗಿಗೆ ಅನುಮತಿ. ಬೆಳಿಗ್ಗೆ ಪುಟ್ಟ ದೋಣಿಯಲ್ಲಿ ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳು ಬಂದು ಹತ್ತಿ ದಿನವಿಡೀ ವಿವರಿಸುತ್ತಾರೆ. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತು ನಿಧಾನವಾಗಿ ತಿರುಗುತ್ತದೆ, ಹಾಗಾಗಿ ಯಾವ ಕಡೆಯ ಬಾಲ್ಕನಿ ಆದರೂ ಚಿಂತೆಯಿಲ್ಲ. ಹಿಮದ ಗೋಡೆಯಿಂದ ಒಂದು ತುಂಡು ಕಳಚಿ ಬೀಳುವುದು ಮೊದಲು ಕಾಣುತ್ತದೆ, ಗುಡುಗಿನ ಸದ್ದು ಆಮೇಲೆ ಬರುತ್ತದೆ. ಸದ್ದು ಕೇಳಿ ತಿರುಗಿದವರಿಗೆ ಸಿಗುವುದು ಬರೀ ಅಲೆ. ಕಣ್ಣು ಗೋಡೆಯ ಮೇಲೇ ನೆಟ್ಟಿರಲಿ.

ಎರಡನೆಯದು ಪನಾಮಾ ಕಾಲುವೆ. 1914ರ ಹಳೆಯ ಲಾಕ್‌ಗಳ (ಗೇಟು ಮುಚ್ಚಿ ನೀರು ಏರಿಸಿ ಹಡಗನ್ನು ಮೇಲೆತ್ತುವ ತೊಟ್ಟಿಗಳ) ಅಗಲ ಸುಮಾರು 33.5 ಮೀಟರ್. 32 ಮೀಟರ್ ಅಗಲದ ಹಡಗು ಒಳಹೊಕ್ಕರೆ ಒಂದೊಂದು ಪಕ್ಕದಲ್ಲಿ ಉಳಿಯುವುದು ಸುಮಾರು ಮುಕ್ಕಾಲು ಮೀಟರ್ ಅಷ್ಟೇ. ಕೆಳಗಿನ ಪ್ರಾಮನೇಡ್ ಡೆಕ್ಕಿನಲ್ಲಿ ನಿಂತರೆ ಪಾಚಿ ಹಿಡಿದ ಒದ್ದೆ ಕಾಂಕ್ರೀಟ್ ಕೈಗೆ ಸಿಗುವಷ್ಟು ಹತ್ತಿರ. ಮೂರು ಹಂತ ಏರಿ ಹಡಗು ಸಮುದ್ರಕ್ಕಿಂತ 26 ಮೀಟರ್ ಎತ್ತರದ ಗಾಟುನ್ ಸರೋವರ ಸೇರುತ್ತದೆ. ದೊಡ್ಡ ಹಡಗುಗಳು 2016ರಲ್ಲಿ ತೆರೆದ ಹೊಸ ಲಾಕ್‌ಗಳಲ್ಲಿ ಹೋಗುತ್ತವೆ. ಆ ಗೋಡೆಯ ಸಲಿಗೆ ಹಳೆಯದರಲ್ಲೇ, ಹಾಗಾಗಿ ಇಲ್ಲಿಗೆ ಸಣ್ಣ ಹಡಗೇ ಆರಿಸಿ. ಬೆಳಿಗ್ಗೆ ಎಲ್ಲರೂ ಮುಂಭಾಗಕ್ಕೆ ನುಗ್ಗುತ್ತಾರೆ. ಹಿಂಭಾಗಕ್ಕೆ ಹೋದರೆ ಜಾಗವೂ ಸಿಗುತ್ತದೆ, ಗೇಟು ಮುಚ್ಚಿ ನೀರು ಏರುವುದೂ ಚೆನ್ನಾಗಿ ಕಾಣುತ್ತದೆ.

ಸ್ಪೀಕರಿನಲ್ಲಿ 'ಆಸ್ಕರ್, ಆಸ್ಕರ್' ಅಂತ ಕೂಗಿದರು. ಯಾರದು?

ಯಾರೂ ಅಲ್ಲ, ಅದು ಸಿಬ್ಬಂದಿಗೆ ಸಂಕೇತ. ಅನೇಕ ಹಡಗುಗಳಲ್ಲಿ 'ಆಸ್ಕರ್' ಅಂದರೆ ಯಾರೋ ನೀರಿಗೆ ಬಿದ್ದಿದ್ದಾರೆ, 'ಬ್ರಾವೊ' ಅಂದರೆ ಬೆಂಕಿ, 'ಆಲ್ಫಾ' ಅಂದರೆ ವೈದ್ಯಕೀಯ ತುರ್ತು. ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಕೇಳಿದಾಗ ನೋಡಲು ಓಡದೆ ಮೆಟ್ಟಿಲು, ಹಾದಿ ಖಾಲಿ ಬಿಟ್ಟರೆ ಅದೇ ಸಹಾಯ.

ಹಡಗಿನಲ್ಲಿ ಇರುವಾಗಲೇ ಮುಂದಿನ ಕ್ರೂಸ್ ಬುಕ್ ಮಾಡಿ ಅಂತ ಹಿಂದೆ ಬೀಳುತ್ತಾರೆ. ಲಾಭ ಇದೆಯಾ?

ಅದೇ ಕಂಪನಿಯಲ್ಲಿ ಮತ್ತೆ ಹೋಗುವುದು ಖಚಿತವಿದ್ದರೆ ಇದೆ. ಸಣ್ಣ ಮುಂಗಡಕ್ಕೆ ಹಡಗಿನಲ್ಲಿ ಖರ್ಚು ಮಾಡುವ ಒಂದಿಷ್ಟು ಕ್ರೆಡಿಟ್ ಕೊಡುತ್ತಾರೆ, ಕೆಲವು ಕಡೆ ತಾರೀಖನ್ನೂ ಆಮೇಲೆ ಗೊತ್ತುಮಾಡಬಹುದು. ಮುಂಗಡ ವಾಪಸ್ ಬರುವಂಥದ್ದಾ, ಬುಕಿಂಗನ್ನು ನಿಮ್ಮ ಏಜೆಂಟಿಗೆ ವರ್ಗಾಯಿಸಬಹುದಾ, ಎಷ್ಟು ವರ್ಷದೊಳಗೆ ಬಳಸಬೇಕು, ಈ ಮೂರನ್ನು ಬರಹದಲ್ಲಿ ಕೇಳಿ. ಮೊದಲ ಸಮುದ್ರದ ದಿನವೇ ಆ ಮೇಜಿಗೆ ಹೋಗಿ ಸಮಯ ಗೊತ್ತುಮಾಡಿಕೊಳ್ಳಿ. ಕೊನೆಯ ದಿನ ಅಲ್ಲಿ ಉದ್ದ ಸಾಲು, ಷರತ್ತು ಓದಲೂ ಪುರುಸೊತ್ತು ಕೊಡುವುದಿಲ್ಲ.